ಪಾಂದೆಲೆಗೆ ಕೊಟ್ಟ ಮಂಚ

ಸತ್ತವನಿಗೆ ನಲವತ್ತು ದಿನ ಊರು ಬಿಡಲು ಮನಸ್ಸಾಗುವುದಿಲ್ಲ. ಬೇಲಿಯ ಹತ್ತಿರ, ಬಾವಿಯ ಹತ್ತಿರ, ಮಕ್ಕಳು ಮಲಗುವ ಕಡೆ ಸುಳಿದಾಡುತ್ತಿರುತ್ತಾನೆ. ನಲವತ್ತನೆಯ ದಿನ ದೇವರು ಅವನಿಗೊಂದು ಜಾಗ ತೋರಿಸುತ್ತಾನೆ. ಆ ದಿನ ಅವನ ಹೆಸರು ಹೇಳಿ ಇಲ್ಲಿ ಯಾರ ಕೈಗೆ ಏನು ಕೊಟ್ಟೆವೋ ಅದು ಅಲ್ಲಿ ಅವನದಾಗುತ್ತದೆ. ಓಲ್ಟ್ ನದಿಯ ಈಚೆ ದಡದ ನಮ್ಮ ಹಳ್ಳಿಯಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಮೂವತ್ತೆಂಟು ವರ್ಷ ಚರ್ಚಿನಲ್ಲಿ ಪಾದ್ರಿಗಳ ಪ್ರಾರ್ಥನೆಗೆ ಮರುದನಿ ಹಾಡಿದವನು ನಾನು, ಇಂಥ ನಲವತ್ತುಗಳನ್ನು ಎಷ್ಟೋ ಕಂಡಿದ್ದೇನೆ. ಪಾಂದೆಲೆಯ ನಲವತ್ತಿನಂಥದ್ದನ್ನು ಮಾತ್ರ ಕಂಡಿರಲಿಲ್ಲ.

ಪಾಂದೆಲೆ ಹೊಳೆದಂಡೆಯಲ್ಲಿ ಮರ ಕಡಿಯುವ ಕೂಲಿಯವನು. ಕಡಿದ ಮರವೇ ಅವನ ಮೇಲೆ ಬಿತ್ತು. ಹೆಂಡತಿ ಸ್ಮರಾಂದಾ ಉಳಿದಳು, ಹನ್ನೊಂದು ವರ್ಷದ ಆಂಕುತ್ಸಾ ಉಳಿದಳು, ಅವಳ ಬೆನ್ನಿಗೆ ಇನ್ನಿಬ್ಬರು ಚಿಕ್ಕವರು. ಅವನು ಮಣ್ಣಾದ ಮೂರನೆಯ ವಾರ ಸ್ಮರಾಂದಾ ನನ್ನ ಮನೆಗೆ ಬಂದಳು. ಕೈಯಲ್ಲಿ ಪುರಸಭೆಯ ಅರ್ಜಿ. ಬಡ ಸಂಸಾರದ ಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡಿನದು.

"ಆವ್ರಾಮ್ ಮಾವ, ನಿನ್ನ ಅಕ್ಷರ ಮುದ್ದಾಗಿದೆ. ಬರ್ದುಕೊಡು. ಹಿಟ್ಟಿನ ಡಬ್ಬ ಬಡಿದ್ರೆ ಗಂಟೆ ಥರ ಸದ್ದು ಬರ್ತಿದೆ."

ಮನೆಯಲ್ಲಿರುವ ಸಾಮಾನು ಬರೆಯಬೇಕಿತ್ತು. ಕಬ್ಬಿಣದ ಮಂಚ ಒಂದು, ಅದರಲ್ಲಿ ಮಲಗುವವರು ನಾಲ್ವರು. ಒಲೆ ಒಂದು. ಕೋಳಿ ಐದು. ಬರೆದೆ. ಪರಿಶೀಲನೆಗೆ ಯಾವತ್ತು ಬರಲಿ ಎಂದು ಕಚೇರಿಯಿಂದ ಫೋನು ಬಂದಾಗ "ಶುಕ್ರವಾರ ಬನ್ನಿ, ಎಲ್ಲರೂ ಮನೇಲಿರ್ತಾರೆ" ಎಂದವನೂ ನಾನೇ. ಶನಿವಾರ ಪಾಂದೆಲೆಯ ನಲವತ್ತು. ಹಿಂದಿನ ದಿನ ಎಲ್ಲರೂ ಅಡುಗೆಯಲ್ಲಿರುತ್ತಾರೆಂದು ನನ್ನ ಲೆಕ್ಕ. ಆ ಮನೆಯಲ್ಲಿ ಅಂದು ಬೇರೆ ಏನಿರುತ್ತದೆಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಶುಕ್ರವಾರ ಕಚೇರಿಯಿಂದ ಬಂದವಳು ವೆತುರಿಯಾ. ಪಕ್ಕದ ಹಳ್ಳಿಯವಳೇ, ಅವಳ ಅಪ್ಪನ ನಲವತ್ತರಲ್ಲಿ ಹಾಡಿದ್ದೂ ನಾನೇ. ಅಡುಗೆಮನೆ ನೋಡಿದಳು, ಕಬ್ಬಿಣದ ಮಂಚ ನೋಡಿದಳು, ಪಾಪ ಎಂಬಂತೆ ತಲೆಯಾಡಿಸಿದಳು. ಆಮೇಲೆ ಮುಂದಿನ ಕೋಣೆಯ ಬಾಗಿಲು ತಳ್ಳಿದಳು.

ಅಲ್ಲಿ ಅಕ್ರೋಟು ಮರದ ಹೊಸ ಮಂಚ. ಅದರ ಮೇಲೆ ದಪ್ಪ ಹಾಸಿಗೆ, ಎರಡು ದಿಂಬು, ಕೆಂಪು ರಜಾಯಿ. ದಿಂಬಿನ ಪಕ್ಕ ಹೊಸ ಅಂಗಿ, ಹೊಸ ಬೂಟು, ತಟ್ಟೆ, ಚಮಚ. ಕಾಲ್ದೆಸೆಯಲ್ಲಿ ರಟ್ಟಿನ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಟೀವಿ. ಎಲ್ಲಕ್ಕೂ ಒಂದೊಂದು ಮೇಣದಬತ್ತಿ ಕಟ್ಟಿತ್ತು. ಪಾಂದೆಲೆಯ ಅಣ್ಣ ಸ್ಪೇನಿನ ತೋಟಗಳಲ್ಲಿ ಹಣ್ಣು ಬಿಡಿಸುತ್ತಾನೆ. ತಮ್ಮ ಬದುಕಿದ್ದಾಗ ಹಲಗೆಯ ಮೇಲೆ ಮಲಗಿದ, ಅಲ್ಲಾದರೂ ಬೆನ್ನಿಗೆ ಮೆತ್ತಗಿರಲಿ ಎಂದು ಅವನೇ ಕಳಿಸಿದ್ದು. ಮಕ್ಕಳು ಒಬ್ಬರೂ ಆ ರಜಾಯಿ ಮುಟ್ಟಿರಲಿಲ್ಲ. ಕಿರಿಯವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೆ.

ವೆತುರಿಯಾ ಟ್ಯಾಬ್ ತೆಗೆದು ಫೋಟೋ ಹೊಡೆದಳು.

"ಇದು ಅರ್ಜೀಲಿಲ್ವಲ್ಲ, ಸ್ಮರಾಂದಾ."

"ಅದು ನಂದಲ್ಲ ಮೇಡಂ, ಪಾಂದೆಲೇದು."

"ಪಾಂದೆಲೆ ತೀರಿಕೊಂಡಿದಾನೆ."

"ಅದಕ್ಕೇ ಅವನದು! ನಾಳೆ ಅವನ ಗೆಳೆಯ ತುದೋರಾಕೆಗೆ ಕೊಡ್ತೀನಿ. ಇಬ್ರದೂ ಒಂದೇ ಎತ್ತರ, ಒಂದೇ ವಯಸ್ಸು. ನಿಮಗೆ ಗೊತ್ತಿಲ್ವಾ? ನಿಮ್ಮಪ್ಪನಿಗೆ ನೀವು ಕೊಡಲಿಲ್ವಾ?"

ವೆತುರಿಯಾಳ ಮುಖ ಕೆಂಪಾಯಿತು. "ನನಗೆ ಗೊತ್ತು ಕಣೇ. ಇದಕ್ಕೆ ಗೊತ್ತಿಲ್ಲ" ಎಂದು ಟ್ಯಾಬ್ ತೋರಿಸಿದಳು. "ಇದರಲ್ಲಿ 'ಮನೇಲಿರೋ ಸಾಮಾನು' ಅಂತಿದೆ. 'ಸತ್ತವರ ಸಾಮಾನು' ಅಂತ ಕಾಲಂ ಇಲ್ಲ. ಇಂಥ ಹೊಸ ಮಂಚ, ಟೀವಿ ಇರೋ ಮನೆಗೆ ದುಡ್ಡು ಕೊಡೋ ಹಾಗಿಲ್ಲ. ಬಿಟ್ಟುಬಿಟ್ರೆ ಆಡಿಟ್‌ನೋರು ನನ್ನ ಕೆಲಸ ತಿಂತಾರೆ."

"ಅಮ್ಮಾ ತಾಯಿ, ನಾಳೆ ಸಂಜೆ ಬಾ, ಬರೀ ಗೋಡೆ ಇರುತ್ತೆ" ಎಂದೆ ನಾನು.

"ಇವತ್ತಿನ ಫೋಟೋ ಹೋಯ್ತಲ್ಲ ಆವ್ರಾಮ್ ಮಾವ. ಕೊಟ್ರೂ, ತಗೊಂಡವನ ಸಹಿ ಬೇಕು. ಸಹಿ ಹಾಕಿದ್ರೆ ಅವನ ಫೈಲಿಗೆ ಏರಿಸ್ಬೇಕು. ಇಲ್ಲಾಂದ್ರೆ ಮಾರಿ ರಸೀದಿ ತರಲಿ, ಮೂರು ತಿಂಗಳು ಬಿಟ್ಟು ಹೊಸ ಅರ್ಜಿ ಹಾಕಲಿ."

ಸತ್ತ ಗಂಡನ ಮಂಚ ಮಾರಿ ರಸೀದಿ ತರಬೇಕಂತೆ! ಅರವತ್ತೊಂಬತ್ತರ ಈ ವಯಸ್ಸಿನವರೆಗೂ ನಾನು ಕೋಪವನ್ನು ಪಾಪವೆಂದು ಪಾದ್ರಿಗಳ ಮುಂದೆ ಅರಿಕೆ ಮಾಡಿಕೊಂಡು ಬಂದವನು. ಅಂದಿನದನ್ನು ಇನ್ನೂ ಅರಿಕೆ ಮಾಡಿಕೊಂಡಿಲ್ಲ.

ತುದೋರಾಕೆಗೆ ನಾಲ್ಕು ಮಕ್ಕಳು, ಅವನ ಮನೆಯೂ ಅದೇ ದುಡ್ಡಿನಲ್ಲಿ ನಡೆಯುವುದು. ಶನಿವಾರ ಬಂದ. ಸಕ್ಕರೆ, ಅಕ್ರೋಟು ಬೆರೆಸಿ ಬೇಯಿಸಿದ ಗೋಧಿಯನ್ನು ತಿಂದ. ಪಾದ್ರಿಗಳು ಮಂಚದ ಮೇಲೆ ಧೂಪ ಹಾಕಿದರು. ಸ್ಮರಾಂದಾ ಬತ್ತಿ ಹಚ್ಚಿ ಅವನತ್ತ ಚಾಚಿದಳು.

"ತಗೋ, ಪಾಂದೆಲೆಗೆ ಸೇರಲಿ."

ತುದೋರಾಕೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಆಳೆತ್ತರದ ಗಂಡಸು, ಕಣ್ಣಲ್ಲಿ ನೀರು. "ಬೈಕೋಬೇಡ ತಂಗಿ. ಆ ಟೀವಿ ನನ್ನ ಹೆಸರಿಗೆ ಬಂದ್ರೆ ನನ್ನ ಮಕ್ಕಳದ್ದೂ ನಿಂತೋಗುತ್ತೆ. ನಾನು ಪಾಂದೆಲೆ ಜೊತೆ ಉಂಡವನು. ಅವನೇ ನನ್ನ ಕ್ಷಮಿಸ್ಬೇಕು."

ಅಂಗಳದಲ್ಲಿದ್ದ ಬಡವರು ಒಬ್ಬೊಬ್ಬರಾಗಿ ನೆಲ ನೋಡಿದರು. ಎಲ್ಲರದೂ ಒಂದೊಂದು ಫೈಲು. ಇದ್ದುಳ್ಳವರಿಗೆ ಕೊಟ್ಟರೆ ಅದು ಕೊಟ್ಟ ಹಾಗಲ್ಲ. ಬತ್ತಿ ಸ್ಮರಾಂದಾಳ ಕೈಯಲ್ಲೇ ಉರಿದು ಮುಗಿಯಿತು. ಪಾಂದೆಲೆ ಆ ದಿನ ಅಲ್ಲೂ ಬರಿ ನೆಲದ ಮೇಲೇ ಮಲಗಿದನೆಂದು ಅವಳು ನಂಬಿದಳು. ನಾನೂ ನಂಬಿದೆ. ಇತ್ತ ಮಕ್ಕಳ ದುಡ್ಡೂ ಇಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ತುದೋರಾಕೆಯ ಕುದುರೆಗಾಡಿ ನಿಂತಿತು. ಗಾಡಿಯ ಮೇಲೆ ಮಂಚ, ಹಾಸಿಗೆ, ಬೂಟು, ಟೀವಿ. ಮೇಲೆ ಆಂಕುತ್ಸಾ, ದಿಂಬುಗಳನ್ನು ಅವುಚಿಕೊಂಡು.

"ಗಾಡಿ ಹತ್ತು ಮಾವ" ಎಂದಳು ಸ್ಮರಾಂದಾ.

"ಎಲ್ಲಿಗೆ? ಮಾರೋಕಾ?"

"ಕೊಡೋಕೆ."

ಪುರಸಭೆಯ ಮೊಗಸಾಲೆಯಲ್ಲಿ ಮಕ್ಕಳನ್ನು ಎತ್ತಿಕೊಂಡ ಹೆಂಗಸರ ಸಾಲಿತ್ತು. ತುದೋರಾಕೆಯೂ ನಾನೂ ಮಂಚವನ್ನು ವೆತುರಿಯಾಳ ಬಾಗಿಲೆದುರು ಇಳಿಸಿದೆವು. ಸ್ಮರಾಂದಾ ರಜಾಯಿ ಹಾಸಿದಳು, ಸುಕ್ಕು ಸರಿಮಾಡಿದಳು, ಬತ್ತಿ ಹಚ್ಚಿದಳು. ಸದ್ದಿಗೆ ವೆತುರಿಯಾ ಹೊರಬಂದಳು.

"ಏನಿದು?"

"ತಗೊಳ್ಳಿ ಮೇಡಂ, ಎರಡು ದಿನ ತಡವಾದ್ರೂ ಪಾಂದೆಲೆಗೆ ಸೇರಲಿ. ಇದ್ದುಳ್ಳೋರೂ ಅಲ್ಲ, ಫೈಲೂ ಇಲ್ಲ, ಅಂಥೋರು ನೀವೊಬ್ಬರೇ."

"ಹುಚ್ಚಾ ನಿನಗೆ? ನಾನು ತಗೋಬಾರ್ದು."

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. "ಸತ್ತವನು ಕೈ ಚಾಚಿದಾನೆ, ಬೇಡ ಅಂತಿದಾಳಲ್ಲಪ್ಪಾ! ಇವಳಪ್ಪ ಅಲ್ಲಿ ತಲೆ ಎತ್ತಿ ಹೇಗೆ ಓಡಾಡ್ತಾನೆ?"

ವೆತುರಿಯಾ ನನ್ನತ್ತ ನೋಡಿದಳು. ಮೇಣ ಕರಗಿ ಸ್ಮರಾಂದಾಳ ಬೆರಳ ಮೇಲೆ ಇಳಿಯುತ್ತಿತ್ತು. ಅವಳು ಕೈ ಅಲುಗಿಸಲಿಲ್ಲ. ಕೊನೆಗೆ ವೆತುರಿಯಾ ಬತ್ತಿ ತೆಗೆದುಕೊಂಡಳು. "ದೇವರು ಅವನನ್ನ ಕ್ಷಮಿಸಲಿ" ಎಂದಳು, ತುಟಿಯಲ್ಲೇ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತೆಗೆದುಕೊಂಡವರು ಹೇಳುವ ಮಾತು ಅದು.

ಅಷ್ಟರಲ್ಲಿ ಮೇಯರ್ ಬಂದರು. ಮಂಚ ನೋಡಿದರು, ಟೀವಿ ನೋಡಿದರು, ಬತ್ತಿ ಹಿಡಿದ ತಮ್ಮ ಕಚೇರಿಯವಳನ್ನು ನೋಡಿದರು.

"ಅರ್ಜಿ ಹಾಕಿದೋಳ ಕೈಯಿಂದ ಟೀವಿ ತಗೊಂಡ್ಯಾ? ಲಂಚ ಕಣೇ ಇದು! ಜಿಲ್ಲೆಯೋರಿಗೆ ಗೊತ್ತಾದ್ರೆ ನನ್ನ ಕುರ್ಚೀನೂ ಹೋಗುತ್ತೆ!"

"ನಾನೆಲ್ಲಿ ಕೊಟ್ಟೆ ಸಾಹೇಬ್ರೇ?" ಎಂದಳು ಸ್ಮರಾಂದಾ, ಚರ್ಚಿನಲ್ಲಿ ಮಾತಾಡುವಷ್ಟು ಮೆಲ್ಲಗೆ. "ಕೊಟ್ಟೋನು ಪಾಂದೆಲೆ. ಅವನ ಮೇಲೆ ಕೇಸು ಹಾಕಿ. ಮಣ್ಣಿಗೆ ನೀವೂ ಬಂದಿದ್ರಿ, ಜಾಗ ಗೊತ್ತಲ್ಲ. ಇಲ್ಲ, ಮಂಚ ನಂದೇ ಅಂತೀರಾ? ಹಾಗಾದ್ರೆ ಲಂಚ ಅಂತ ಬರ್ಕೊಳ್ಳಿ, ಪೊಲೀಸ್ನೋರನ್ನ ಕರೀರಿ. ಇಲ್ಲೇ ಇರ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಮಂಚ ಸತ್ತವನದು" ಎಂದರು ಮೇಯರ್. "ಸತ್ತವನದು ಅಂತಲೇ ಬರಿ, ವೆತುರಿಯಾ."

"ಅದಕ್ಕೆ ಕಾಲಂ ಇಲ್ಲ ಸಾರ್."

"ಕೈಯಲ್ಲಿ ಬರಿ! ಮೊಹರು ನಾನು ಹಾಕ್ತೀನಿ."

"ಸತ್ತವನದು ಅಂದ್ಮೇಲೆ," ಎಂದೆ ನಾನು, ನನ್ನ ಹಾಡುವ ದನಿ ಮೊಗಸಾಲೆಯುದ್ದಕ್ಕೂ ಹೋಗುವಂತೆ, "ಇವಳ ಮನೇಲಿ ಉಳಿದದ್ದು ಒಂದು ಕಬ್ಬಿಣದ ಮಂಚ, ಒಂದು ಒಲೆ, ಐದು ಕೋಳಿ."

"ಮಂಜೂರಾಗುತ್ತೆ, ಮಂಜೂರಾಗುತ್ತೆ. ಮುಂದಿನ ತಿಂಗಳ ಸಭೇಲಿ ಇಡೋಣ. ಈಗ ಹೋಗು ತಾಯಿ."

ಗಂಡ ಸತ್ತ ನಲವತ್ತೆರಡನೆಯ ದಿನ ಅವಳು ಮುಂದಿನ ತಿಂಗಳವರೆಗೆ ಕಾಯಬೇಕಂತೆ. ಸ್ಮರಾಂದಾ ಹೋಗಲಿಲ್ಲ. ವೆತುರಿಯಾಳ ಕಡೆ ತಿರುಗಿದಳು.

"ಮೇಡಂ, ಈಗ ಇದು ನಿಮ್ಮ ಮಂಚ. ಕಾಗದ ಕೈಗೆ ಬರೋವರೆಗೆ ಇದರ ಮೇಲೆ ಸ್ವಲ್ಪ ಕೂತ್ಕೊಳ್ಲಾ?"

ವೆತುರಿಯಾ ಮೇಯರ್ ಮುಖ ನೋಡಲಿಲ್ಲ. "ಕೂತ್ಕೋ" ಎಂದಳು. "ಮಗೂನೂ ಕೂರಿಸ್ಕೋ." ಒಳಗೆ ಹೋಗಿ ಸ್ಮರಾಂದಾಳ ಫೈಲು ತಂದಳು; ಅಲ್ಲೇ ನಿಂತು, ಗೋಡೆಗೆ ಒತ್ತಿ ಹಿಡಿದು, ಕೈಯಲ್ಲಿ ಬರೆಯತೊಡಗಿದಳು. ಸ್ಮರಾಂದಾ ಕೂತಳು. ಆಂಕುತ್ಸಾ ಮೊದಲ ಸಲ ರಜಾಯಿಯ ಮೇಲೆ ಅಂಗೈ ಇಟ್ಟಳು. ಸಾಲಿನಲ್ಲಿದ್ದ ಮುದುಕಿ ತನ್ನ ಕಾಲೂ ಸೋತಿದೆ ಎಂದು ಬಂದು ಕೂತಳು, ಆಮೇಲೆ ಮಗು ಎತ್ತಿಕೊಂಡ ಇಬ್ಬರು. ಒಬ್ಬೊಬ್ಬರೂ ಕೂರುವಾಗ "ದೇವರು ಅವನನ್ನ ಕ್ಷಮಿಸಲಿ" ಎಂದರು. ಮೇಯರ್ ಬಾಗಿಲಲ್ಲಿ ಮೊಹರು ಹಿಡಿದುಕೊಂಡು ನಿಂತಿದ್ದರು.