ಮೀನಿನ ತೊಟ್ಟಿಗೆ ಮೂರನೆಯ ದೀಪ

"ಇದು ಹದಿನೆಂಟು ವ್ಯಾಟಿಂದ್ರಿ ಅಕ್ಕಾರ. ಒಯ್ದು ಹಚ್ಚಿ ನೋಡ್ರಿ, ಗಿಡ ಹೆಂಗ ಬರ್ತಾವು," ಎನ್ನುತ್ತ ಅಂಗಡಿಯ ವೀರೇಶ ಇನ್ನೊಂದು ಉದ್ದನೆಯ ಡಬ್ಬಿಯನ್ನು ಕೌಂಟರಿನ ಮೇಲಿಟ್ಟ.

"ಹೋದ ಸಲಾನೂ ಹಿಂಗ ಅಂದಿದ್ರಿ," ಎಂದಳು ಸುಪ್ರೀತಾ.

ಬನಹಟ್ಟಿಯಿಂದ ಬಸ್ಸು ಹಿಡಿದು ಅವಳು ಜಮಖಂಡಿಯ ಈ ಅಕ್ವೇರಿಯಂ ಅಂಗಡಿಗೆ ಬಂದದ್ದು ಇದು ಮೂರನೆಯ ಸಲ. ಮೊದಲು ಒಯ್ದ ನೀಲಿ-ಗುಲಾಬಿ ಎಲ್‌ಇಡಿ ನೋಡಲಷ್ಟೇ ಚೆಂದ. ಅದರ ಕೆಳಗೆ ತೊಟ್ಟಿಯೊಳಗಿನ ಗಿಡಗಳು ಸೊರಗಿ ಎಲೆ ಕರಗಿಹೋದವು. ಎರಡನೆಯದು ಕಣ್ಣು ಕುಕ್ಕುವ ಬಿಳಿ. ಗಾಜಿಗೆಲ್ಲ ಪಾಚಿ ಕಟ್ಟಿತು. ಮೊಬೈಲಿನ ವಿಡಿಯೋಗಳಲ್ಲಿ ಒಬ್ಬ ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ನೋಡಿ ಎನ್ನುತ್ತಿದ್ದ, ಇನ್ನೊಬ್ಬ ವ್ಯಾಟ್ ಲೆಕ್ಕ ಹೇಳುತ್ತಿದ್ದ, ಮತ್ತೊಬ್ಬ ಎರಡೂ ಸುಳ್ಳು ಎನ್ನುತ್ತಿದ್ದ. ಹನ್ನೊಂದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ತನಗೆ ಒಂದು ಗಾಜಿನ ಪೆಟ್ಟಿಗೆಯ ಬೆಳಕು ತಿಳಿಯುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು.

"ನಾ ನೀರಿಗೆ ಕಾರ್ಬನ್ ಗ್ಯಾಸ್ ಬಿಡೂದಿಲ್ಲ, ಗೊಬ್ಬರ ಹಾಕೂದಿಲ್ಲ. ಬರೇ ಮಣ್ಣಾಗ ನೆಟ್ಟ ಸಾದಾ ಗಿಡ. ಅದಕ್ಕ ಯಾವ ಲೈಟ್ ಬೇಕು, ಅಷ್ಟ ಹೇಳ್ರಿ."

"ಇಷ್ಟ ತ್ರಾಸ ಯಾಕ್ರಿ? ಪ್ಲಾಸ್ಟಿಕ್ ಗಿಡ ಅದಾವಲ್ಲ."

ಅವಳು ದುಡ್ಡು ಕೊಟ್ಟು ಡಬ್ಬಿ ಎತ್ತಿಕೊಂಡಳು.

ತೊಟ್ಟಿಯನ್ನು ಮೀನು ಸಮೇತ ಕೊಟ್ಟುಹೋದವಳು ವರ್ಗವಾದ ಸಹೋದ್ಯೋಗಿ. "ಜೀವಾ ಕೂಡಿಹಾಕೂದು ನಮ್ಮ ಮನ್ಯಾಗ ಬ್ಯಾಡ," ಎಂದಿದ್ದ ಅತ್ತೆ ಹೀರಾ, ತಮ್ಮ ಗಂಡ ಅದರತ್ತ ತಿರುಗಿ ನೋಡಿದ ದಿನ ಸುಮ್ಮನಾದರು. ಬಣ್ಣದ ನೂಲಿನ ವ್ಯಾಪಾರ ಮಾಡುತ್ತಿದ್ದ ಮಾವ ಜಿನದತ್ತರಿಗೆ ಎಂಟು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಗೋಡೆ ನೋಡುತ್ತ ಕೂತಿರುತ್ತಿದ್ದವರು ಮೀನು ನೋಡತೊಡಗಿದರು. ಅಂದಿನಿಂದ ಅವರ ಕುರ್ಚಿ ತೊಟ್ಟಿಯ ಎದುರಿಗೇ. ಅವರಿಗೆ ಬೇಸರವಾಗದಿರಲೆಂದು ಸುಪ್ರೀತಾ ಬೆಳಿಗ್ಗೆ ಆರಕ್ಕೇ ದೀಪ ಹಚ್ಚುತ್ತಿದ್ದಳು. ಆರಿಸುತ್ತಿದ್ದುದು ಹತ್ತಕ್ಕೆ, ಅವರು ಮಲಗಿದ ಮೇಲೆ.

ಮನೆಗೆ ಬಂದವಳೇ ಹೊಸ ದೀಪವನ್ನು ತೊಟ್ಟಿಯ ಮೇಲೆ ಕೂರಿಸಿ ಸ್ವಿಚ್ ಒತ್ತಿದಳು. ಕೋಣೆಯೆಲ್ಲ ಬೆಳ್ಳಗಾಯಿತು. ಜಿನದತ್ತರು ಮುಖ ಹಿಂಡಿ, ಎಡಗೈ ಎತ್ತಿ ಗಾಳಿಯಲ್ಲಿ ಬಡಿದರು. "ಬ್... ಬ್..."

"ನೀರ ಬೇಕೇನ್ರಿ ಮಾವಾರ? ಒಳಗ ಮಲಗ್ತೀರೇನು?"

ಅವರು ತಲೆ ಅಲ್ಲಾಡಿಸಿದರು. ಈ ಕೈಬಡಿತ ಎರಡು ತಿಂಗಳಿಂದ ನಡೆದಿತ್ತು. ಅವಳು ಒಮ್ಮೆ ನೀರು ಕೊಡುತ್ತಿದ್ದಳು, ಒಮ್ಮೆ ಫ್ಯಾನು ಹಾಕುತ್ತಿದ್ದಳು, ಒಮ್ಮೆ ಬೆನ್ನ ಹಿಂದಿನ ದಿಂಬು ಸರಿಸುತ್ತಿದ್ದಳು.

"ನಿಮ್ಮ ಸಲುವಾಗೇ ಅಲ್ಲೇನ್ರಿ ನಾ ಇಷ್ಟ ಓಡ್ಯಾಡಾಕತ್ತಿದ್ದು?" ಅವಳ ದನಿ ಏರಿತು. "ಏನ್ ಬೇಕಂತನ ತಿಳೀವಲ್ತು ನನಗ."

ಅಡುಗೆಮನೆಯ ಬಾಗಿಲಿಗೆ ಬಂದ ಹೀರಾ ಅಲ್ಲೇ ನಿಂತರು.

ಜಿನದತ್ತರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಿಡಿಯಲು ಹೋದ ಸೊಸೆಯನ್ನು ಮೊಣಕೈಯಿಂದ ತಳ್ಳಿದರು. ಎಡಗೈಯ ಬೆರಳುಗಳು ವೈರನ್ನು ತಡಕಿ ಹಿಡಿದು ಎಳೆದವು. ಪ್ಲಗ್ಗು ಕಳಚಿ ನೆಲಕ್ಕೆ ಬಿತ್ತು.

ಕೋಣೆ ಮಬ್ಬಾಯಿತು. ಅವರು ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರು ಬಿಟ್ಟರು. ರೆಪ್ಪೆಗಳಂಚು ಕೆಂಪಗಾಗಿ ನೀರು ಒಸರಿತ್ತು.

ದಿನಕ್ಕೆ ಹದಿನಾರು ತಾಸು ಬೆಳಕು; ಪಾಚಿ ಕಟ್ಟದೆ ಇನ್ನೇನು. ಸುಪ್ರೀತಾ ವೈರು ಎತ್ತಿಕೊಂಡು ಹಾಗೇ ನಿಂತಳು. ಎಂಥ ದೀಪ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದಳು. ಎಷ್ಟು ಹೊತ್ತು ಎಂದು ಯಾರನ್ನೂ ಕೇಳಿರಲಿಲ್ಲ. ದಿನವಿಡೀ ಅದರೆದುರು ಕೂತವರನ್ನಂತೂ ಇಲ್ಲವೇ ಇಲ್ಲ.

"ಇಡೀ ದಿನ ಹಚ್ಚಿ ಇಡೂದು ಬ್ಯಾಡೇನ್ರಿ?"

ಅವರು ಕಣ್ಣು ತೆರೆಯದೆ ಹೌದೆಂದು ತಲೆಯಾಡಿಸಿದರು.

"ಎರಡ ತಿಂಗಳಿಂದ ಇದನ್ನ ಹೇಳಾಕತ್ತಿದ್ರೇನು," ಎಂದು ಹೀರಾ ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

"ಮತ್ತ ಯಾವಾಗ ಹಚ್ಚಲ್ರಿ, ಮಾವಾರ?"

ನಾಲ್ಕು ಬೆರಳು ಮೇಲೆದ್ದವು.

"ನಾಕ ತಾಸೋ, ನಾಕ ಗಂಟೆಕೋ?"

ಅವರು ಗೋಡೆಯ ಗಡಿಯಾರ ತೋರಿಸಿದರು. ಆಗಿನ್ನೂ ಎರಡೂವರೆ. ಸುಪ್ರೀತಾ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಓಣಿಯ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು. ಕಿಟಕಿಯ ಬೆಳಕು ನೀರಿನ ಮೇಲೆ ತೆಳ್ಳಗೆ ಬಿದ್ದಿತ್ತು. ದೀಪದ ಬೆಳಕಿಗೆ ಅಡಗಿರುತ್ತಿದ್ದ ಕಂದು ಮೀನೊಂದು ಎಲೆಗಳ ಹಿಂದಿನಿಂದ ಮೆಲ್ಲಗೆ ಹೊರಗೆ ಬಂದು, ಗಾಜಿಗೆ ಬಾಯಿ ಹಚ್ಚಿ, ಪಾಚಿ ತಿನ್ನತೊಡಗಿತು.