ಕೊಟ್ರಬಸಪ್ಪ ಕೂತು ಹೋದದ್ದು

ಮಹಾಂತಮ್ಮ ಗಂಡ ಕೊಟ್ರಬಸಪ್ಪನ ಹೆಣದ ಪಕ್ಕದಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರೆದ ಹೆಂಗಸರನ್ನು ದಾಟಿಕೊಂಡು ಸೀದಾ ಮನೆಯ ಮುಂದಿನ ಕಾರು ರಿಪೇರಿ ಷೆಡ್ಡಿಗೆ ನಡೆದಳು. ಗಂಡ ಸತ್ತು ಆರು ಗಂಟೆಯೂ ಆಗಿಲ್ಲ, ಗೋಡೆಗೊರಗಿ ಕೂತವನ ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ, ಈಕೆ ಹೊರಟದ್ದಾದರೂ ಎಲ್ಲಿಗೆ ಎಂದು ದುರ್ಗಿಗುಡಿ ಬೀದಿಯ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಪಕ್ಕದ ಮನೆಯ ದಾಕ್ಷಾಯಣಮ್ಮನಂತೂ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿ ಕಿಟಕಿ ಹಿಡಿದಳು.

ರಗಳೆ ಶುರುವಾದದ್ದು ಲಾರಿಯಿಂದ. ಕೊಟ್ರಬಸಪ್ಪನ ಅಣ್ಣ ಮುರುಗೇಶಪ್ಪ ಭದ್ರಾವತಿ ಓಲ್ಡ್ ಟೌನಿನಲ್ಲಿ ಜವಳಿ ಅಂಗಡಿಯವನು. ಸುದ್ದಿ ಕೇಳಿ ಲಾರಿ ಸಮೇತ ಬಂದಿದ್ದ. ಮಣ್ಣು ಮಾಡುವುದು ಓಲ್ಡ್ ಟೌನಿನಲ್ಲಿ, ಅಪ್ಪ ಅವ್ವನ ಪಕ್ಕದಲ್ಲಿ. ಅದರಲ್ಲಿ ಯಾರದ್ದೂ ತಕರಾರಿಲ್ಲ. ಆದರೆ ಹನ್ನೊಂದು ಮೈಲಿ ಲಾರಿಯ ಕುಲುಕಾಟದಲ್ಲಿ ಹೆಣ ಕೂರಿಸಿಕೊಂಡು ಹೋಗುವುದು ಆಗದ ಮಾತು, ಮಲಗಿಸಿ ಟಾರ್ಪಾಲು ಹೊದಿಸೋಣ, ಮೆರವಣಿಗೆ ಗಿರವಣಿಗೆ ಬೇಡ ಎಂದ. ಲಿಂಗ ಕಟ್ಟಿದವರು ಕೂತೇ ಹೋಗಬೇಕು, ಕೂತೇ ಮಣ್ಣು ಸೇರಬೇಕು. ಟಾರ್ಪಾಲು ಎಂಬ ಮಾತೇ ಮಹಾಂತಮ್ಮನ ಮೈ ಉರಿಸಿತು. ಬದುಕಿದ್ದಾಗ ಗ್ರೀಸ್ ಮೈಯವನೆಂದು ಹಬ್ಬಕ್ಕೂ ಹಿತ್ತಲ ಬಾಗಿಲಿನಿಂದ ಕರೆದ ಅಣ್ಣ ಈಗಲೂ ಮುಚ್ಚಿಟ್ಟೇ ಸಾಗಿಸಲು ನೋಡುತ್ತಿದ್ದ.

"ಕೂತೇ ಹೋಗ್ಲಿ ಭಾವ. ಊರವ್ರೆಲ್ಲ ನೋಡ್ಲಿ" ಎಂದಳು.

ಅಷ್ಟರಲ್ಲಿ ಬಂದವನು ತ್ರಿವಿಕ್ರಮ, ಭದ್ರಾವತಿ ಕಾರ್ಖಾನೆಯ ಇಂಜಿನಿಯರ್. ಅವನದು ಎರಡೇ ಸೀಟಿನ, ತಲೆ ಮೇಲೆ ಸೂರಿಲ್ಲದ ಕೆಂಪು ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ರಿಪೇರಿಗೆ ಅದು ಕೊಟ್ರಬಸಪ್ಪನ ಕೈ ಬಿಟ್ಟು ಇನ್ನೊಬ್ಬರ ಕೈ ಕಂಡದ್ದಲ್ಲ. ಆ ಹಾಳು ಕಾರು ಇವತ್ತೇ ಬೀದಿಯ ತಿರುವಿನಲ್ಲಿ ಕ್ಲಚ್ ಕೇಬಲ್ ಹರಿದುಕೊಂಡಿತ್ತು. ನಾಲ್ಕು ಜನ ತಳ್ಳಿಕೊಂಡು ಬಂದು ಷೆಡ್ಡಿಗೆ ಸೇರಿಸಿದ್ದರು. ಜಗಳ ಕೇಳಿದ ತ್ರಿವಿಕ್ರಮ, ತನ್ನ ಕಾರಿನಲ್ಲೇ ಕೂರಿಸಿಕೊಂಡು ಹೋಗೋಣ, ಸೂರಿಲ್ಲ, ಎಲ್ಲರಿಗೂ ಕಾಣುತ್ತಾರೆ ಎಂದ.

ಮುರುಗೇಶಪ್ಪ ಒಪ್ಪಲಿಲ್ಲ. "ಮೆರವಣಿಗೆ ಅಂದ್ರೆ ಮನೆಮನೆಗೂ ನಿಲ್ಲಬೇಕು, ಹೊರಡಬೇಕು. ಆ ಕಾರು ಒಂದೇ ಒಂದ್ಸಲ ಜಗ್ಗಿದ್ರೂ ಹೆಣ ಮುಗ್ಗರಿಸಿ ಬೀಳುತ್ತೆ. ಓಲ್ಡ್ ಟೌನ್ ಪೂರ್ತಿ ನೋಡಿ ನಗುತ್ತೆ. ಆಗ ಯಾರ ಮಾನ ಹೋಗೋದು?"

ಅವನು ಹೇಳಿದ್ದು ನಿಜ ಎಂದು ಮಹಾಂತಮ್ಮನಿಗೂ ಗೊತ್ತಿತ್ತು. ಗಂಡನ ಜೊತೆ ಇಪ್ಪತ್ತು ವರ್ಷ ಷೆಡ್ಡಿನಲ್ಲಿ ದುಡಿದ ಲಕ್ಷ್ಮೀಕಾಂತ, ಅರ್ಧ ಗಂಟೆಯಲ್ಲಿ ಬೇರೆ ಕೇಬಲ್ ಹಾಕುತ್ತೇನೆ ಎಂದು ಹೋದ. ಅವನು ಷೆಡ್ಡಿನ ಗೋಡೆಯ ಮೊಳೆಯಿಂದ ಯಾವ ಕೇಬಲ್ ತೆಗೆದ ಎನ್ನುವುದು ಕಿಟಕಿಯಿಂದ ಕಂಡದ್ದೇ ಅವಳು ಎದ್ದಳು.

*

ಏಳು ವರ್ಷದ ಹಿಂದೆ, ಐವತ್ತೇಳರಲ್ಲಿ, ಈ ಕಾರು ಮೊದಲ ಸಲ ಇಲ್ಲಿಗೆ ಬಂದದ್ದೂ ಹರಿದ ಕ್ಲಚ್ ಕೇಬಲ್ ಹೊತ್ತುಕೊಂಡೇ. ಊರು ಬಿಟ್ಟು ಹೋಗುತ್ತಿದ್ದ ಕಾಫಿ ತೋಟದ ದೊರೆಯಿಂದ ತ್ರಿವಿಕ್ರಮ ಅದನ್ನು ಕೊಂಡಿದ್ದ. ಇಂಗ್ಲೆಂಡಿನಿಂದ ಕೇಬಲ್ ತರಿಸಲು ಲೈಸೆನ್ಸು, ಅರ್ಜಿ, ಆರು ತಿಂಗಳು. ಹಾಗಾಗಿ ತಾನೇ ತಂತಿಯ ಅಳತೆ ಬರೆದು ಕಳಿಸಿ ಮದರಾಸಿನಿಂದ ಹೊಸದೊಂದನ್ನು ತರಿಸಿದ್ದ. ಥಳಥಳ ಹೊಳೆಯುತ್ತಿತ್ತು.

ಕೊಟ್ರಬಸಪ್ಪನದು ಒಂದು ಪದ್ಧತಿ. ತಾನು ಕಾರಿನ ಕೆಳಗೆ ಮಲಗಿ ನೋಡಬೇಕು, ಮೇಲೆ ಇನ್ನೊಬ್ಬರ ಕಾಲು ಪೆಡಲ್ ಒತ್ತಬೇಕು. ಆ ಕಾಲು ಒಪ್ಪುವ ತನಕ ಕೆಲಸ ಮುಗಿದಂತಲ್ಲ. ಲಕ್ಷ್ಮೀಕಾಂತ ಜ್ವರದಿಂದ ಮಲಗಿದ್ದ. ಮಜ್ಜಿಗೆ ತಂದ ಹೆಂಡತಿಯನ್ನೇ ಹಿಡಿದು ಕೂರಿಸಿದ. ಬೀದಿಯ ಜನ ನೋಡುತ್ತಾರೆಂದು ಮಹಾಂತಮ್ಮ ನಾಚಿ ನೀರಾದಳು. ಸಂಜೆಯ ಹೊತ್ತಿಗೆ ನಾಚಿಕೆ ಹೋಗಿ ಹುಕುಂ ಮಾಡುವಷ್ಟು ಬಲಿತಿದ್ದಳು.

ಮದರಾಸಿನ ಕೇಬಲ್ ಹಾಕಿದಾಗ ಪೆಡಲ್ ನಾಲ್ಕು ಬೆರಳು ಸುಮ್ಮನೆ ಕೆಳಗಿಳಿಯುತ್ತಿತ್ತು. ತ್ರಿವಿಕ್ರಮ ಓಡಿಸಿ ನೋಡಿದರೆ ಕಾರು ಹಗ್ಗ ಕಂಡ ಹೋರಿಯ ಹಾಗೆ ಜಿಗಿಯಿತು. ಕೊಟ್ರಬಸಪ್ಪ ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಜೋಡಿಸಿಟ್ಟ. ಒಳಗಿನ ತಂತಿ ಎರಡರಲ್ಲೂ ಸಮ. ತಂತಿ ಓಡುವ ಹೊರಗಿನ ಹೊದಿಕೆ ಮಾತ್ರ ಹೊಸದರಲ್ಲಿ ಒಂದು ಬೆರಳು ಗಿಡ್ಡ.

"ಎಲ್ಲಾರೂ ತಂತಿ ಅಳೀತಾರೆ ಕಣೆ" ಎಂದ ಹೆಂಡತಿಗೆ. "ಹೊದಿಕೆ ಯಾರೂ ಅಳೆಯಲ್ಲ. ಅದು ಗಿಡ್ಡ ಆದ್ರೆ ನೀನು ಎಷ್ಟು ಒತ್ತಿದ್ರೂ ಸಡಿಲವೇ."

ಲಾರಿಯ ಹಳೇ ಹೊದಿಕೆ ಕತ್ತರಿಸಿ, ಒಳಗೆ ಗಟ್ಟಿ ತಂತಿ ಪೋಣಿಸಿ, ತುದಿಗೆ ತಾನೇ ಬೆಸುಗೆ ಹಾಕಿ ಮೂರು ದಿನದಲ್ಲಿ ಎರಡು ಕೇಬಲ್ ಮಾಡಿದ. ಮೂರನೆಯ ದಿನ ಒಂದನ್ನು ಕಾರಿಗೆ ಹಾಕಿ, ಪಕ್ಕದ ಸೀಟಿನ ಮೇಲೆ ನೀರು ತುಂಬಿದ ಚೊಂಬಿಟ್ಟು ತ್ರಿವಿಕ್ರಮನನ್ನು ಕೋಟೆಯ ತನಕ ಕಳಿಸಿದ. ಅವನು ವಾಪಸು ಬಂದಾಗ ಸೀಟು ಒಣಗಿಯೇ ಇತ್ತು. ಬೆರಗಾದ ತ್ರಿವಿಕ್ರಮ, ಕಾರ್ಖಾನೆಗೆ ಬನ್ನಿ, ಒಳ್ಳೆ ಕೆಲಸ ಕೊಡಿಸುತ್ತೇನೆ ಎಂದ.

"ನಮ್ಮನೆಯವಳ ಕಾಲನ್ನ ಅಲ್ಲಿ ಒಳಗೆ ಬಿಡಲ್ಲ ಸಾರ್" ಎಂದು ಕೊಟ್ರಬಸಪ್ಪ ನಕ್ಕುಬಿಟ್ಟ. ಆ ಮಾತನ್ನು ಮಹಾಂತಮ್ಮ ಏಳು ವರ್ಷ ಒಳಗೊಳಗೇ ಮೆಲುಕು ಹಾಕಿದ್ದಳು.

*

ಲಕ್ಷ್ಮೀಕಾಂತನ ಕೈಯಲ್ಲಿದ್ದದ್ದು ಅದೇ ಮದರಾಸಿನ ಕೇಬಲ್. ಹೊಸದು ಅಕ್ಕ, ತಂತಿ ಹಿಡಿದು ನೋಡಿದೆ, ಉದ್ದ ಸರಿಯಾಗಿದೆ ಎಂದ. ಹೊಸದೇ ಒಳ್ಳೆಯದು ಎಂದು ಮುರುಗೇಶಪ್ಪನೂ ದನಿ ಸೇರಿಸಿದ.

"ಹೊದಿಕೆ ಅಳಿ" ಎಂದಳು ಮಹಾಂತಮ್ಮ.

ಅವನು ಹರಿದ ಕೇಬಲ್ಲಿನ ಪಕ್ಕ ಇಟ್ಟು ಅಳೆದ. ಇನ್ನೊಂದು ಸಲ ಅಳೆದ. ಆಮೇಲೆ ತಲೆ ತಗ್ಗಿಸಿ ಅದನ್ನು ಮೊಳೆಗೇ ತೂಗುಹಾಕಿದ. ಗಂಡ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ ಎರಡನೆಯ ಕೇಬಲನ್ನು ಮಹಾಂತಮ್ಮನೇ ಇಳಿಸಿಕೊಟ್ಟಳು. ನೋಡಲು ಕಪ್ಪಗೆ, ಒಡ್ಡೊಡ್ಡಾಗಿತ್ತು.

ಹಾಕಿದ್ದಾಯಿತು. ಇನ್ನು ಪೆಡಲ್ ಒತ್ತಬೇಕು. ತ್ರಿವಿಕ್ರಮ ಮುಂದೆ ಬಂದ. ಮಹಾಂತಮ್ಮ ಅವನನ್ನು ಸರಿಸಿ ತಾನೇ ಹತ್ತಿ ಕೂತಳು. ಒಳಗೆ ಹೆಣ ಇಟ್ಟುಕೊಂಡು ಇದೇನಮ್ಮ ಎಂದ ಮುರುಗೇಶಪ್ಪನ ಮಾತು ಅವಳ ಕಿವಿಗೆ ಬೀಳಲಿಲ್ಲ. ಬರಿಗಾಲಲ್ಲಿ ಒತ್ತಿದಳು, ಬಿಟ್ಟಳು.

"ಇನ್ನೊಂದು ಸುತ್ತು ಬಿಗಿ ಮಾಡು ಲಕ್ಷ್ಮೀಕಾಂತ."

ನಾಲ್ಕನೆಯ ಸಲಕ್ಕೆ ಪೆಡಲ್ ಅವಳ ಕಾಲಿಗೆ ಸರಿಯಾಗಿ ಸಿಕ್ಕಿತು. ಆಗ ಅಳು ಬಂತು. ಕಾರಿನ ಕೆಳಗಿನಿಂದ ಒತ್ತು, ಬಿಡು ಎನ್ನುವ ದನಿ ಬೇರೆಯವರದಾಗಿತ್ತು, ಅದಕ್ಕೆ ಅತ್ತಳು. ಗಂಡ ಮಾಡಿಟ್ಟದ್ದು ಅವನಿಲ್ಲದೆಯೂ ಹೇಳಿದ ಹಾಗೆ ಕೇಳುತ್ತಿತ್ತು, ಆ ಹೆಮ್ಮೆಗೂ ಅತ್ತಳು.

*

ಕಾರಿನ ಪಕ್ಕದ ಸೀಟು ಬಿಚ್ಚಿ ಮಣೆ ಹಾಕಿ, ಕೊಟ್ರಬಸಪ್ಪನನ್ನು ಚಕ್ಕಳಮಕ್ಕಳ ಕೂರಿಸಿ, ಹೊಸ ಪಂಚೆಯಿಂದ ಹಿಂದಕ್ಕೆ ಬಿಗಿದು ಕಟ್ಟಿದರು. ತಲೆಗೆ ಪೇಟ ಸುತ್ತಿದರು, ಅಂಗೈಯಲ್ಲಿ ಲಿಂಗ ಇಟ್ಟರು. ಹೆಂಗಸರು ಲಾರಿ ಹತ್ತಿದರು. ಕಾರು ತುಂಗಾ ಸೇತುವೆ ದಾಟಿ ಭದ್ರಾವತಿಯ ದಾರಿ ಹಿಡಿಯಿತು.

ಓಲ್ಡ್ ಟೌನಿನಲ್ಲಿ ಭಜನೆಯವರು ಕಾದಿದ್ದರು. ಮಹಾಂತಮ್ಮ ಲಾರಿಯಿಂದಿಳಿದು ಕಾರಿನ ಹಿಂದೆ ನಡೆದಳು. ಅವಳ ಕಣ್ಣು ಗಂಡನ ಕತ್ತಿನ ಮೇಲೇ ಇತ್ತು. ಮೊದಲ ಮನೆಯ ಮುಂದೆ ಕಾರು ನಿಂತಿತು, ಯಾರೋ ಹಾರ ಹಾಕಿದರು, ಕಾರು ಹೊರಟಿತು. ಕತ್ತು ಅಲುಗಲಿಲ್ಲ. ಎರಡನೆಯದು, ಮೂರನೆಯದು. ಹತ್ತನೆಯ ಮನೆ ದಾಟಿದ ಮೇಲೆ ಅವಳು ತಲೆಯೆತ್ತಿ ಬೀದಿ ನೋಡಿದಳು. ಅಂಗಡಿಯವರು ಗಲ್ಲಾ ಬಿಟ್ಟೆದ್ದು ಕಟ್ಟೆಯ ಮೇಲೆ ನಿಂತಿದ್ದರು. ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು.

ಲಾರಿಯಲ್ಲೇ ಕೂತಿರುತ್ತೇನೆ ಎಂದಿದ್ದ ಮುರುಗೇಶಪ್ಪ ಯಾವಾಗಲೋ ಇಳಿದು ಬಂದಿದ್ದ. ಈಗ ಕಾರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, ಜನರನ್ನು ಅತ್ತಿತ್ತ ಸರಿಸುತ್ತ ನಡೆಯುತ್ತಿದ್ದ. ಪರವೂರಿನವನೊಬ್ಬ ಅವನ ಹತ್ತಿರ ಬಂದು ಇದು ಯಾರ ಕಾರು ಎಂದು ಕೇಳಿದ.

"ನನ್ನ ತಮ್ಮಂದು" ಎಂದ ಮುರುಗೇಶಪ್ಪ.

ಸ್ಟಿಯರಿಂಗ್ ಹಿಡಿದಿದ್ದ ತ್ರಿವಿಕ್ರಮನಿಗೂ ಅದು ಕೇಳಿಸಿತು. ಅವನು ಹೌದೆನ್ನುವಂತೆ ತಲೆಯಾಡಿಸಿ ಪೆಡಲಿನ ಮೇಲಿಂದ ಮೆಲ್ಲಗೆ ಕಾಲೆತ್ತಿದ. ಬೀದಿಯ ಎರಡೂ ಕಡೆ ನಿಂತ ಜನರ ನಡುವೆ ಕೊಟ್ರಬಸಪ್ಪ ನೆಟ್ಟಗೆ ಕೂತು ಮುಂದೆ ಸಾಗಿದ.