ತಲೆಯಾಡಿಸದ ಕಿಯೊನೊ ಅಜ್ಜಿ

ಬೊಂಬೆ ಮಾಡುವ ಕೋಣೆಯಲ್ಲಿ ನನ್ನ ಹೆಗಲಚೀಲ ತಾಗಿ ಹಲಗೆ ನಡುಗಿದಾಗ ಒಂದು ಬೊಂಬೆಯೂ ಬೀಳಲಿಲ್ಲ; ಬಿದ್ದಿದ್ದರೆ ಮಾನ ಇಷ್ಟು ಹೋಗುತ್ತಿರಲಿಲ್ಲ. ಹಲಗೆಯ ಮೇಲಿದ್ದ, ದಾರಕ್ಕೆ ತಲೆ ತೂಗುವ ಕಾಗದದ ಕೆಂಪು ಹಸುಗಳೆಲ್ಲ, 'ಹೌದು ಹೌದು, ಈತ ಮೊದಲಿನಿಂದಲೂ ಹೀಗೇ' ಎಂಬಂತೆ, ಒಟ್ಟಿಗೆ ತಲೆಯಾಡಿಸತೊಡಗಿದವು. ಅಲ್ಲಿ ತಲೆಯಾಡಿಸದೆ ಕೂತಿದ್ದವರು ಅವುಗಳನ್ನು ಮಾಡಿದ ಕಿಯೊನೊ ಅಜ್ಜಿ ಒಬ್ಬರೇ.

ಜಪಾನಿನ ನಮ್ಮ ಈ ಐಜು ಸೀಮೆಯಲ್ಲಿ ಎದುರಿನವರು ಮಾತಾಡುವಾಗ ತಲೆಯಾಡಿಸದಿರುವುದು ಮುಖಕ್ಕೆ ಬಾಗಿಲು ಹಾಕಿದಷ್ಟೇ ಒರಟುತನ. ಅದು ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆಂಬ ಉಪಚಾರ. ಶಾಲೆಯ ಮೇಷ್ಟ್ರಾದ ನಾನಂತೂ ಟೆಲಿಫೋನಿನಲ್ಲೂ ತಲೆಯಾಡಿಸುವವನು. ಅಜ್ಜಿಯಾದರೋ ಮದುವೆಯ ದಿನ ಅತ್ತೆಯ ಉಪದೇಶಕ್ಕೂ ಆಡಿಸಲಿಲ್ಲವೆಂದು ಪ್ರತೀತಿ. ಮೈಮೇಲೆ ಗಂಡನ ಕಾಲದ, ಹತ್ತಿ ತುಂಬಿದ ಮೇಲಂಗಿ. ವರ್ಷಗಟ್ಟಲೆ ಅಂಟು ಕುಡಿದು, ಬಿಚ್ಚಿಟ್ಟರೂ ತಾನೇ ಕೂತಿರುವಷ್ಟು ಬಿರುಸಾದದ್ದು. ಮರದ ಅಚ್ಚಿಗೆ ಪದರಪದರವಾಗಿ ಕಾಗದ ಅಂಟಿಸುವಾಗ ಊರ ಸುದ್ದಿಯನ್ನೆಲ್ಲ ಆಡುವ ಆ ಬಾಯಿ, ಹಸುವಿನ ತಲೆಯನ್ನು ತೂಗುಹಾಕುವ ಹೊತ್ತಿಗೆ ಮೌನವ್ರತಕ್ಕಿಳಿಯುತ್ತದೆ: ದಾರದ ತುದಿ ತುಟಿಯ ನಡುವೆ, ಕತ್ತಿನ ಹಿಂಬದಿಗೆ ತೂಕಕ್ಕೆಂದು ಜೇಡಿಮಣ್ಣಿನ ಚೂರು ಮೆತ್ತಿ, ಚಿವುಟಿ, ಮತ್ತೆ ಮೆತ್ತಿ, ಉಫ್ ಎಂದು ಊದಿದರೆ ಹಸು ಜೀವ ಬಂದಂತೆ ತೂಗಬೇಕು.

ನಾನು ಕ್ಷಮೆ ಕೇಳಿ ಕೂರುವಷ್ಟರಲ್ಲಿ ಇಗರಾಶಿ ಖಾಲಿ ಪೆಟ್ಟಿಗೆಯೊಂದಿಗೆ ಬಂದ. ರೈಲು ನಿಲ್ದಾಣದ ಅಂಗಡಿಯವನು. ಅಜ್ಜಿಯ ಹಸುಗಳಲ್ಲಿ ಅರ್ಧಕ್ಕರ್ಧ ಅವನ ಕೈಯಿಂದಲೇ ಊರು ಬಿಡುವುದು. ಅವನು ಕೂತ ರಭಸಕ್ಕೆ ಹಸುಗಳು ಮತ್ತೆ ಶುರುಮಾಡಿದವು.

"ಅಂಚೆಯಲ್ಲಿ ಕಳಿಸಿದ್ರೆ ದಾರ ಕಿತ್ತು ತಲೆ ಉದುರ್ತಿದೆ ಅಜ್ಜಿ. ಗಿರಾಕಿಗಳ ಹತ್ರ ಬೈಸ್ಕೊಂಡು ಸಾಕಾಯ್ತು. ಇನ್ಮೇಲೆ ಕತ್ತು ಅಂಟಿಸಿಬಿಡಿ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗತ್ತೆ."

ಹಸುಗಳು ತಲೆಯಾಡಿಸಿದವು. ಅಭ್ಯಾಸಬಲದಿಂದ ನಾನೂ.

"ನೋಡಿ, ಮೇಷ್ಟ್ರೂ ಒಪ್ಪಿದ್ರು!"

"ಮೇಷ್ಟ್ರು ಗಾಳಿ ಬೀಸಿದ್ರೂ ಒಪ್ತಾರೆ," ಎಂದರು ಅಜ್ಜಿ. "ಈ ಹಸೂನ ಯಾಕಪ್ಪಾ ತಗೋತಾರೆ? ಜ್ವರ ಬಂದ ಮಗೂ ಹಾಸಿಗೆ ಪಕ್ಕ ಇಡೋಕೆ. ಮಗು ಏನೋ ಗೊಣಗತ್ತೆ. ಕತ್ತು ಅಂಟಿಸಿದ್ರೆ, ಇದು ಕೇಳಿಸ್ಕೊಂಡಿತು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಅಜ್ಜಿಯ ತಲೆ ಒಮ್ಮೆಯಾದರೂ ಆಡೀತೇನೋ ಎಂದು ಇಗರಾಶಿ ನೋಡಿದ; ಆಡಲಿಲ್ಲ. ಆಮೇಲೆ ಬಾಗಿ ನಮಸ್ಕರಿಸಿ ಎದ್ದ. ಪೆಟ್ಟಿಗೆ ಖಾಲಿಯಾಗಿಯೇ ಹೋಯಿತು.

ಆಟಿಕೆ ಮಾಡುವವರು ತಾವೂ ಆಟಿಕೆಯಂತಿರಬೇಕೆಂಬ ಆಸೆ ನಮಗೆಲ್ಲ ಯಾಕೋ. ಗಡಿಯಾರ ಮಾಡುವವನು ಟಿಕ್ ಟಿಕ್ ಎನ್ನಲೆಂದು ಯಾರೂ ಬಯಸುವುದಿಲ್ಲ. ಆದರೂ ಕುತೂಹಲ ತಡೆಯಲಿಲ್ಲ.

"ಅಜ್ಜೀ, ಉಪಚಾರಕ್ಕಾದ್ರೂ ಒಂದ್ಸಲ ತಲೆ ಆಡಿಸಿದ್ರೆ ನಿಮ್ಮದೇನು ಹೋಗ್ತಿತ್ತು?"

ಅವರು ಹೊಸ ತಲೆಯೊಂದಕ್ಕೆ ದಾರ ಕಟ್ಟುತ್ತಲೇ ಹೇಳಿದರು:

"ನನ್ನ ಹತ್ರ ಇದ್ದದ್ದೆಲ್ಲ ಇವಕ್ಕೆ ಹೋಯ್ತು ಮೇಷ್ಟ್ರೇ. ನಿಮ್ಮ ಹತ್ರ ಇನ್ನೂ ಬೇಕಾದಷ್ಟಿದೆ."